ಕೌದಿ ಕಾಕೂನ ಕೋಣೆ

ಧಾರವಾಡದ ಯಾವ ಬಡಾವಣೆಗೆ ಹೋದರೂ ಒಬ್ಬ ಕೌದಿ ಕಾಕೂ ಸಿಗುತ್ತಾರೆ. ಮಕ್ಕಳು ಬೆಂಗಳೂರಿಗೋ ಪುಣೆಗೋ ನೌಕರಿಗೆ ಹೋಗಿ ಒಂದು ಕೋಣೆ ಖಾಲಿ ಬಿದ್ದಿರಬೇಕು, ಕಾಕಾ ರಿಟೈರ್ ಆಗಿರಬೇಕು, ಟ್ರಂಕಿನಲ್ಲಿ ಅತ್ತೆಯ ಕಾಲದ ಇಳಕಲ್ ಸೀರೆಗಳಿರಬೇಕು. ಈ ಮೂರೂ ಕೂಡಿದಲ್ಲಿ ಹೊಲಿಗೆ ಕೋಣೆ ಹುಟ್ಟುತ್ತದೆ. ಕೌದಿ ಮಾತ್ರ ಹುಟ್ಟುವುದಿಲ್ಲ.

‘ಕೌದಿ ಎಲ್ಲಿಗೆ ಬಂತ್ರೀ ಕಾಕೂ?’ ಎಂದರೆ ಉತ್ತರ ಸಿದ್ಧ: ‘ಕೋಣಿ ಇನ್ನ ಸೆಟ್ ಆಗಿಲ್ಲವಾ. ಎಲ್ಲಾ ಒಮ್ಮೆ ಜೋಡಿಸಿಟ್ಟೆ ಅಂದ್ರ ಆಮ್ಯಾಲೆ ಕುಂತು ಹೊಲದು ಮುಗಿಸಿಬಿಡ್ತೀನಿ.’

ಸೆಟ್ ಆಗುವ ಕೆಲಸ ಶುರುವಾಗುವುದು ಮಷೀನಿನಿಂದ. ಬೀಡುಕಬ್ಬಿಣದ ಕಾಲಿನ ಹಳೆಯ ಉಷಾ ಮೊದಲು ಕಿಟಕಿಯ ಹತ್ತಿರ ಕೂಡುತ್ತದೆ, ಬೆಳಕಿಗಾಗಿ. ಬಿಸಿಲಿಗೆ ಅರಿವೆಯ ಬಣ್ಣ ಹೋಗುತ್ತದೆಂದು ಆಚೆ ಗೋಡೆಗೆ ಹೋಗುತ್ತದೆ. ಅಲ್ಲಿ ಪ್ಲಗ್ ಇಲ್ಲ. ಕಾಲಿನಿಂದ ತುಳಿಯುವ ಮಷೀನಿಗೆ ಪ್ಲಗ್ ಯಾಕೆ ಎಂದು ಕಾಕಾ ಕೇಳಿದರೆ, ‘ಲೈಟ್ ಬ್ಯಾಡೇನ್ರೀ?’ ಎಂಬ ಮರುಪ್ರಶ್ನೆ ಬರುತ್ತದೆ. ಅಷ್ಟರಲ್ಲಿ ಮಗ್ಗುಲ ಮನೆಯವರು ಬಂದು ವಾಸ್ತು ಹೇಳಿ ಹೋಗುತ್ತಾರೆ. ‘ರೀ, ಒಂದೀಟು ಆ ಕಡಿಂದ ಹಿಡೀರಿ’ ಎಂಬ ಕರೆ ಮತ್ತೆ ಕೇಳಿಸುತ್ತದೆ. ಕಾಕಾನ ಪೆನ್ಶನ್ ಬದುಕಿನ ವ್ಯಾಯಾಮ ಇಷ್ಟೇ, ಸೊಂಟನೋವಿನ ಮೂಲವೂ ಇದೇ.

ಮಷೀನು ಕುಂತ ಮೇಲೆ ಡಬ್ಬಿಗಳ ಪರ್ವ. ಶ್ರೀಖಂಡದ ಡಬ್ಬಿ, ಬಿಸ್ಕೀಟಿನ ಡಬ್ಬಿ, ಫೇಡೆಯ ಪೆಟ್ಟಿಗೆ ಯಾವುದೂ ಕಸಕ್ಕೆ ಹೋಗಕೂಡದು. ಗುಂಡಿಗಳನ್ನು ಮೊದಲು ಬಣ್ಣದ ಪ್ರಕಾರ ಬೇರ್ಪಡಿಸುತ್ತಾರೆ. ಅದು ಸರಿ ಕಾಣದೆ ಎರಡು ತೂತಿನವು, ನಾಲ್ಕು ತೂತಿನವು ಎಂದು ಮಾಡುತ್ತಾರೆ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋಗಿ ಲೇಸು, ರೀಲು, ಇನ್ನಷ್ಟು ಗುಂಡಿ ತಂದಾಗ ಡಬ್ಬಿ ಸಾಲದೆ ಮತ್ತೆ ಮೊದಲಿನಿಂದ ಎಣಿಕೆ. ಕಸೂತಿ ದಾರಕ್ಕಂತೂ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ನಾಲ್ಕು ಹೊಲಿಗೆಗೆ ನಾಲ್ಕು ಪೆಟ್ಟಿಗೆ. ನಾಲ್ಕನ್ನೂ ಒಂದೇ ಸೂಜಿ, ಒಂದೇ ದಾರದಲ್ಲಿ ಹಾಕಬಹುದು ಎಂಬುದು ಕಾಕೂಗೆ ಗೊತ್ತಿಲ್ಲವೆಂದಲ್ಲ. ಪೆಟ್ಟಿಗೆ ನಾಲ್ಕು ಇದ್ದವು, ಅದಕ್ಕೆ.

ಇಷ್ಟೆಲ್ಲ ಇದ್ದ ಮನೆಯಲ್ಲಿ ಕಾಕಾನ ಅಂಗಿಗೆ ಗುಂಡಿ ಇಲ್ಲ. ‘ಬಿಳೀದು, ನಾಕು ತೂತಿಂದು. ಇಲ್ಲೇ ಎಲ್ಲೋ ಭದ್ರ ಮಾಡಿ ಇಟ್ಟೀನಿ’ ಎನ್ನುತ್ತಾರೆ ಕಾಕೂ. ಆ ಮನೆಯಲ್ಲಿ ಬಿಸಾಡಿದ್ದು ಸಿಕ್ಕೀತು, ಭದ್ರ ಮಾಡಿ ಇಟ್ಟದ್ದು ಸಿಗದು. ಕಾಕಾ ಸದ್ದಿಲ್ಲದೆ ಸುಭಾಸ ರೋಡಿನ ಟೇಲರ್ ಹತ್ತಿರ ಹೋಗಿ ಬರುತ್ತಾರೆ.

ಜ್ಞಾನಕ್ಕೇನೂ ಕೊರತೆ ಇಲ್ಲ. 14 ನಂಬರ್ ಸೂಜಿಯ ದಪ್ಪ 0.9 ಮಿಲಿಮೀಟರ್, 16 ಅಂದರೆ ಪೂರ್ತಿ 1 ಮಿಲಿಮೀಟರ್, ದಪ್ಪ ಅರಿವೆಗೆ ಅದೇ ಬೇಕು ಎಂದು ಬಂದವರಿಗೆಲ್ಲ ಪಾಠ ಹೇಳುತ್ತಾರೆ. ಪಾಠ ಮುಗಿದ ಮೇಲೆ ನೋಡಿದರೆ ಮಷೀನಿನಲ್ಲಿ ಸೂಜಿಯೇ ಇರುವುದಿಲ್ಲ. ಜಾಗ ಬದಲಿಸುವಾಗ ತೆಗೆದು ಭದ್ರ ಮಾಡಿ ಇಟ್ಟಿರುತ್ತಾರೆ.

ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯ ವಿಷಯ ತೆಗೆದರಂತೂ ಚಹಾ ಆರಿಹೋಗುತ್ತದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತ ಹೊಲಿಯುತ್ತ ನಡುವಿಗೆ ಬರುತ್ತಾರೆ, ಮೂಲೆಗಳಿಗೆ ಅರಿವೆ ಮಡಚಿ ಮಾಡಿದ ‘ಫೂಲ’ ಇಡುತ್ತಾರೆ. ಕಾಕೂ ಕೋಣೆಯನ್ನು ತುಂಬಿದ್ದೂ ಇದೇ ಪದ್ಧತಿಯಲ್ಲಿ: ಮೊದಲು ನಾಲ್ಕು ಮೂಲೆ, ಆಮೇಲೆ ಗೋಡೆಗುಂಟ ಸುತ್ತ, ಕಡೆಗೆ ನಡುವೆ. ಈಗ ಕೌದಿ ಹಾಸಲು ನೆಲವೇ ಉಳಿದಿಲ್ಲ.

ನಿಜ ಹೇಳಬೇಕೆಂದರೆ ಅಡ್ಡಿ ಕೋಣೆಯದಲ್ಲ, ಕತ್ತರಿಯದು. ಅತ್ತೆಯ ಇಳಕಲ್ ಸೀರೆಯನ್ನು ಬಿಡಿಸಿ, ಕೆಂಪು ಸೆರಗಿನ ಮೇಲೆ ಕೈಯಾಡಿಸಿ, ‘ಇನ್ನೂ ಗಟ್ಟಿ ಐತಿ’ ಎಂದು ಮತ್ತೆ ಮಡಚಿಡುತ್ತಾರೆ. ಮೈಯೆಲ್ಲ ಪಿಸಿದುಹೋಗಿರುವುದು ಅವರಿಗೂ ಕಾಣುತ್ತದೆ. ಕತ್ತರಿಸಿದರೆ ಅದು ತುಂಡು, ಮಡಚಿಟ್ಟರೆ ಇನ್ನೂ ಅತ್ತೆಯ ಸೀರೆ. ಕೋಣೆ ಜೋಡಿಸುವುದರಲ್ಲಿ ಈ ಸಂಕಟವಿಲ್ಲ. ಇವತ್ತು ಜೋಡಿಸಿದ್ದನ್ನು ನಾಳೆ ಕೆಡವಬಹುದು.

ಒಂದು ಬೇಸಿಗೆ ಕೌದಿ ಹೊಲಿಯುವ ಗೊಂದಲಿಗರ ಹೆಣ್ಣುಮಗಳೊಬ್ಬಳು ಓಣಿಗೆ ಬಂದಳು. ಎದುರು ಮನೆಯ ಕಟ್ಟೆಯ ಮೇಲೆ ಹಳೆಯ ಧೋತರ ಹಾಸಿದಳು, ಮೇಲೆ ತುಂಡು ಅರಿವೆ ಹರಡಿದಳು, ಕುಂತಳು. ಟೇಬಲ್ ಇಲ್ಲ, ಡಬ್ಬಿ ಇಲ್ಲ, ವಾಸ್ತು ಇಲ್ಲ. ಕೆಲವೇ ದಿನದಲ್ಲಿ ಕೌದಿ ಮುಗಿಸಿ, ಕೂಲಿ ಎಣಿಸಿಕೊಂಡು, ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಹೊರಟಳು. ಅಷ್ಟೂ ದಿನ ಗೇಟಿನಲ್ಲಿ ನಿಂತು ನೋಡಿದ ಕಾಕೂ ಒಳಗೆ ಬಂದು, ‘ರೀ, ಏಳ್ರಿ’ ಎಂದರು. ಕಾಕಾನಿಗೆ ಆಸೆ ಮೂಡಿತು. ‘ಹೊಲ್ಯಾಕ ಕುಂಡ್ರತೀ ಏನು?’ ‘ಇಲ್ಲಾ, ಸೂಜಿ ಇಡೂದು ನಮ್ಮಲ್ಲಿ ತಪ್ಪೈತಿ. ಆ ಕಪಾಟು ಈ ಕಡೆ ಸರಸೂಣು ಬರ್ರಿ.’

ನಿಮ್ಮ ಓಣಿಯ ಕಾಕೂನನ್ನು ಕೌದಿ ಯಾವಾಗ ಮುಗಿಯುತ್ತದೆಂದು ಕೇಳಿ ನೋಯಿಸಬೇಡಿ. ಮನೆಯಲ್ಲಿ ಹಳೆಯ ಸೀರೆಗಳಿದ್ದರೆ ಕಟ್ಟೆಗೆ ಬಂದು ಹೊಲಿಯುವವರಿಗೆ ಕೊಡಿ. ಖಾಲಿ ಡಬ್ಬಿಗಳಿದ್ದರೆ ಕಾಕೂಗೆ ಕೊಡಿ.