ಶ್ರೀ ನೆಪ ಮಹಾತ್ಮೆ

ಕೋಟ್ಯಂತರ ಕನ್ನಡಿಗರ ಕನಸುಗಳನ್ನು ಹಗಲಿರುಳು ಕಾಯುತ್ತಾ, ಒಂದಕ್ಕೂ ಗಾಳಿ ಬಿಸಿಲು ತಾಕದಂತೆ ನೋಡಿಕೊಂಡು ಬಂದಿರುವ ನೆಪಕ್ಕೆ ಇವತ್ತಿನವರೆಗೆ ಯಾರೂ ಒಂದು ನಿಂಬೆಹಣ್ಣನ್ನೂ ಕೊಟ್ಟಿಲ್ಲ. ಕೊಟ್ಟದ್ದೆಲ್ಲ ಬೈಗುಳ. ವ್ಯಕ್ತಿತ್ವ ವಿಕಸನದ ಭಾಷಣಕಾರರಂತೂ ಕಾಲೇಜು ಕಾಲೇಜಿಗೆ ಹೋಗಿ, ಕಾಲರಿಗೆ ಮೈಕು ಸಿಕ್ಕಿಸಿಕೊಂಡು, ‘ನೆಪ ಬಿಡಿ, ಕನಸಿನ ಬೆನ್ನು ಹತ್ತಿ’ ಎಂದು ಮಕ್ಕಳಿಗೆ ದುರ್ಬೋಧನೆ ಮಾಡುತ್ತಿದ್ದಾರೆ. ತಣ್ಣಗೆ ಮನೆಯಲ್ಲೇ ಇರುವ ಕನಸನ್ನು ಎಬ್ಬಿಸಿ ಓಡಿಸಿ, ಆಮೇಲೆ ಏದುಸಿರು ಬಿಡುತ್ತಾ ಅದರ ಬೆನ್ನು ಹತ್ತುವುದು ಯಾವ ಸೀಮೆಯ ಜಾಣತನವೋ ತಿಳಿಯದು.

ಅನ್ಯಾಯ ಶುರುವಾದದ್ದು ಗಾದೆಗಳಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂದಳು, ಸರಿ. ಆ ನೆಲಕ್ಕೆ ರಸಮಟ್ಟ ಇಟ್ಟು ನೋಡಿದವರು ಯಾರು? ನಮ್ಮ ಕಾಂಟ್ರಾಕ್ಟರುಗಳು ಹಾಕುವ ನೆಲವನ್ನು ಬಲ್ಲ ಯಾರೇ ಆದರೂ ಆ ಹೆಣ್ಣುಮಗಳ ಮಾತನ್ನು ತಳ್ಳಿಹಾಕಲಾರರು. ಸ್ಥಳ ಪರಿಶೀಲನೆಯಿಲ್ಲದೆ, ಒಂದು ನೋಟೀಸೂ ಕೊಡದೆ, ಏಕಪಕ್ಷೀಯವಾಗಿ ಕೊಟ್ಟ ತೀರ್ಪು ಅದು. ಇಷ್ಟು ತಲೆಮಾರು ಕಳೆದರೂ ಮರುವಿಚಾರಣೆಗೆ ಬಂದಿಲ್ಲ.

ನೆಪದ ಉಪಕಾರವನ್ನು ಹತ್ತಿರದಿಂದ ಕಾಣಬೇಕಾದರೆ ನಮ್ಮ ರಾಯರನ್ನು ನೋಡಬೇಕು. ಮೈಸೂರಿನವರು, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಕಾದಂಬರಿ ಬರೆಯಬೇಕೆಂಬುದು ಅವರ ಜೀವಮಾನದ ಆಸೆ. ಸರ್ವೀಸಿನಲ್ಲಿದ್ದಾಗ ಟ್ರಾನ್ಸ್‌ಫರು, ಆಡಿಟ್ಟು, ಮಾರ್ಚ್ ತಿಂಗಳ ಕ್ಲೋಸಿಂಗು. ಆಮೇಲೆ ಮಗನ ಪಿಯುಸಿ, ಮಗಳ ಮದುವೆ. ರಿಟೈರಾದ ಮೇಲೆ ತೇಗದ ಮೇಜು ಮಾಡಿಸಿದರು. ಕಿಟಕಿಯ ಪಕ್ಕ ಹಾಕಿಸಿದರು. ಬೆಳಕು ಎಡಗಡೆಯಿಂದ ಬೀಳಬೇಕಂತೆ, ಬಲಗಡೆಯಿಂದ ಬೀಳುತ್ತಿತ್ತು. ತಿರುಗಿಸಿ ಹಾಕಿದರೆ ಬೆನ್ನು ಬಾಗಿಲ ಕಡೆಗಾಯಿತು, ವಾಸ್ತುವಿಗೆ ಬರಲಿಲ್ಲ. ಇಷ್ಟರಲ್ಲಿ ಮಗಳ ಬಾಣಂತನಕ್ಕೆಂದು ದಂಪತಿಗಳು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದು ಬಂದರು. ಬಂದು ನೋಡಿದರೆ ಮೇಜಿನ ಮೇಲೆ ಇಸ್ತ್ರಿಗೆ ಕೊಡಬೇಕಾದ ಬಟ್ಟೆಯ ಗಂಟು, ಹಳೆಯ ಮಿಕ್ಸಿ, ಮದುವೆ ಕಾರ್ಡುಗಳು. ಅವನ್ನು ತೆಗೆಯುವುದಕ್ಕೂ ಒಂದು ಮುಹೂರ್ತ ಬೇಡವೇ?

‘ಏನ್ ರಾಯರೇ, ಕಾದಂಬರಿ ಎಲ್ಲಿಗೆ ಬಂತು?’ ಅಂತ ಕೇಳಿದೆ.

‘ತಲೇಲಿ ಪೂರ್ತಿ ಆಗಿದೆ ಸಾರ್. ಕಾಗದಕ್ಕೆ ಇಳಿಸೋದೊಂದೇ ಬಾಕಿ.’

ಒಳಗಿನಿಂದ ಅವರ ಮನೆಯವರು, ‘ಕಾಗದ ತಂದಿಟ್ಟು ಮೂರು ವರ್ಷ ಆಯ್ತು, ಅಂಚೆಲ್ಲ ಹಳದಿಗಟ್ಟಿದೆ ನೋಡಿ’ ಅಂದರು.

‘ಹಳದಿ ಕಾಗದದ ಮೇಲೆ ಬರೆದರೆ ಕಣ್ಣಿಗೆ ಆಯಾಸ ಕಣೇ’ ಅಂದರು ರಾಯರು. ಈ ಉತ್ತರ ಬರಲು ಅರ್ಧ ಕ್ಷಣವೂ ಹಿಡಿಯಲಿಲ್ಲ. ಸೃಜನಶೀಲತೆ ಅನ್ನುವುದು ಇದಕ್ಕಲ್ಲದೆ ಮತ್ತೆ ಯಾವುದಕ್ಕೆ?

ತಂತ್ರಜ್ಞಾನದವರು ರಾಯರಿಗೆ ಕೊಟ್ಟ ಕಿರುಕುಳ ಅಷ್ಟಿಷ್ಟಲ್ಲ. ಮೊದಲು ಕಂಪ್ಯೂಟರಿನಲ್ಲಿ ಕನ್ನಡವೇ ಇಲ್ಲ ಎಂಬ ಭದ್ರವಾದ ನೆಪವಿತ್ತು. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು, ‘ಬರಹ’ ಬಂತು, ‘ನುಡಿ’ ಬಂತು. ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆಯುವುದಿಲ್ಲ ಎಂದು ರಾಯರು ಸುಧಾರಿಸಿಕೊಳ್ಳುವಷ್ಟರಲ್ಲಿ ಯುನಿಕೋಡ್ ಬಂದು ಅದನ್ನೂ ಕಿತ್ತುಕೊಂಡಿತು. ಈಗ ಮೊಬೈಲಿನ ಮುಂದೆ ಬಾಯಲ್ಲಿ ಹೇಳಿದರೆ ಸಾಕು, ಕನ್ನಡ ಅಕ್ಷರ ತಾನೇ ಮೂಡುತ್ತದೆ. ರಾಯರು ಧೃತಿಗೆಡಲಿಲ್ಲ. ‘ನನಗೆ ಕೈಬರಹವೇ ಒಗ್ಗೋದು’ ಎಂದರು.

ಅವರ ಕಾದಂಬರಿ ಎಂಥದ್ದು ಎಂದು ನೀವು ಕೇಳಬಹುದು. ನಾನು ಬಲ್ಲ ಮಟ್ಟಿಗೆ ಅದರಲ್ಲಿ ಒಂದೂ ಅಚ್ಚಿನ ತಪ್ಪಿಲ್ಲ. ಯಾವ ವಿಮರ್ಶಕನೂ ಅದನ್ನು ‘ಮಹತ್ವಾಕಾಂಕ್ಷೆಯ ಪ್ರಯತ್ನ’ ಎಂದು ಕೊಂದಿಲ್ಲ. ಮಾರಾಟವಾಗದ ಪ್ರತಿಗಳ ಕಟ್ಟು ಮಂಚದ ಕೆಳಗೆ ಕೂತು ಜಿರಳೆಗೆ ಆಶ್ರಯ ಕೊಟ್ಟಿಲ್ಲ. ಬಂಧುಗಳು ಗೌರವ ಪ್ರತಿ ಇಸಕೊಂಡು ಓದದೇ ‘ಚೆನ್ನಾಗಿದೆ’ ಎಂದು ಸುಳ್ಳು ಹೇಳುವ ಪಾಪಕ್ಕೆ ಗುರಿಯಾಗಿಲ್ಲ. ಬರೆದವರ ಪಾಡು ಗೊತ್ತಲ್ಲ: ಒಂದು ಪುಸ್ತಕ ಬಂದ ದಿನದಿಂದ ಆ ಮನುಷ್ಯ ಅಷ್ಟೇ ಎಂದು ಜನಕ್ಕೆ ಗೊತ್ತಾಗಿಬಿಡುತ್ತದೆ. ರಾಯರ ಮಟ್ಟ ಮಾತ್ರ ಇನ್ನೂ ಯಾರಿಗೂ ಗೊತ್ತಿಲ್ಲ, ಅದು ಜ್ಞಾನಪೀಠದವರೆಗೂ ಇರಬಹುದು.

ಇಂಥ ಕಾವಲಿಗೆ ನಮ್ಮ ಹಿರಿಯರು ಮಾಡಿಟ್ಟಿರುವ ವ್ಯವಸ್ಥೆ ನೋಡಿದರೆ ಕೈ ಮುಗಿಯಬೇಕೆನಿಸುತ್ತದೆ. ಒಂಟಿಕೊಪ್ಪಲ್ ಪಂಚಾಂಗ ಬಿಡಿಸಿ. ಹಗಲನ್ನು ಎಂಟು ಭಾಗ ಮಾಡಿ ರಾಹುವಿಗೊಂದು, ಯಮಗಂಡಕ್ಕೊಂದು, ಗುಳಿಕನಿಗೊಂದು ಬರೆದುಕೊಟ್ಟಿದ್ದಾರೆ. ಒಂದೊಂದೂ ಒಂದೂವರೆ ಗಂಟೆ. ಬೆಳಕಿರುವ ಹನ್ನೆರಡು ಗಂಟೆಯಲ್ಲಿ ನಾಲ್ಕೂವರೆ ಗಂಟೆ ಅಲ್ಲಿಗೆ ಚುಕ್ತಾ. ಗುಳಿಕ ಶುಭವೋ ಅಶುಭವೋ ಎಂದು ಚರ್ಚೆಗೆ ಕೂತರೆ ಇನ್ನೊಂದು ಗಂಟೆ ಲಾಭ. ಇನ್ನು ವರ್ಷದ ಲೆಕ್ಕ. ಯುಗಾದಿಗೆ ಸಂಕಲ್ಪ ಮಾಡಿದಿರಿ ಅನ್ನಿ, ಆಗ ಮಕ್ಕಳ ಪರೀಕ್ಷೆಯ ಕೊನೆ. ವೈಶಾಖ, ಜ್ಯೇಷ್ಠದಲ್ಲಿ ಊಟಕ್ಕೇ ಪುರುಸೊತ್ತಿಲ್ಲದಷ್ಟು ಮದುವೆ ಮುಂಜಿ. ಆಷಾಢದಲ್ಲಿ ಹೊಸ ಕೆಲಸ ಕೈಗೆತ್ತಿಕೊಳ್ಳುವಂತಿಲ್ಲ. ಶ್ರಾವಣದಲ್ಲಿ ವರಮಹಾಲಕ್ಷ್ಮಿ, ಭಾದ್ರಪದದಲ್ಲಿ ಗೌರಿ ಗಣೇಶ, ಹಿಂದೆಯೇ ಪಿತೃಪಕ್ಷ. ನವರಾತ್ರಿಗೆ ಮೈಸೂರಿನಲ್ಲಿ ನೆಂಟರು ತುಂಬಿರುತ್ತಾರೆ. ದೀಪಾವಳಿ ಆಯಿತು, ಕಾರ್ತಿಕ ಕಳೆಯಿತು, ಇನ್ನೇನು ಕೂರಬೇಕು ಅನ್ನುವಾಗ ಧನುರ್ಮಾಸ. ಬೆಳಿಗ್ಗೆ ಬೇಗ ಎದ್ದು ಪೊಂಗಲ್ ತಿಂದ ಮೇಲೆ ಯಾರ ಕೈಯಲ್ಲಿ ಪೆನ್ನು ನಿಲ್ಲುತ್ತದೆ? ಸಂಕ್ರಾಂತಿಗೆ ಎಳ್ಳು ಬೀರಿದರೆ ಶಿವರಾತ್ರಿ ಬಾಗಿಲಲ್ಲಿ, ಶಿವರಾತ್ರಿಯ ಹಿಂದೆ ಮತ್ತೆ ಯುಗಾದಿ. ಇಷ್ಟೂ ಸಾಲದೆ ಹೋದರೆ ಇರಲಿ ಎಂದು ಎರಡೂವರೆ ಮೂರು ವರ್ಷಕ್ಕೊಂದು ಅಧಿಕಮಾಸವನ್ನೇ ಇಟ್ಟಿದ್ದಾರೆ. ದೂರದೃಷ್ಟಿ ಅಂದರೆ ಅದು.

ಪಂಚಾಂಗ ನಂಬದವರಿಗೂ ನಮ್ಮ ಸಂಸ್ಕೃತಿ ದಾರಿ ತೋರಿಸಿದೆ. ತೊಂಬತ್ತರ ದಶಕದಲ್ಲಿ ಊರೂರಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ, ಇದ್ದಿಲಲ್ಲಿ ‘ನಾಳೆ ಬಾ’ ಎಂದು ಬರೆದಿದ್ದದ್ದು ನಡುವಯಸ್ಸಿನವರಿಗೆ ನೆನಪಿರುತ್ತದೆ. ರಾತ್ರಿ ಬಾಗಿಲು ಬಡಿಯುವ ದೆವ್ವ ಅದನ್ನು ಓದಿಕೊಂಡು ತಣ್ಣಗೆ ವಾಪಸು ಹೋಗುತ್ತಿತ್ತಂತೆ. ಮಾರನೆಯ ದಿನ ಬಂದರೂ ಅದೇ ಬರಹ. ಅಕ್ಷರಸ್ಥ ದೆವ್ವ, ಮಾತಿಗೆ ಬೆಲೆ ಕೊಡುವಂಥದ್ದು. ಬಾಗಿಲ ಮೇಲಿನ ಬರಹ ಈಗ ಸುಣ್ಣ ಬಣ್ಣದಲ್ಲಿ ಮುಚ್ಚಿಹೋಗಿದ್ದರೂ ಪದ್ಧತಿ ಬಿಟ್ಟಿಲ್ಲ. ರಾತ್ರಿ ಹನ್ನೊಂದಕ್ಕೆ ಎದೆಯ ಬಾಗಿಲು ಬಡಿಯುವ ಸಂಗೀತದ ಆಸೆ, ಓದು ಮುಂದುವರಿಸುವ ಆಸೆ, ಸ್ವಂತ ಅಂಗಡಿ ಇಡುವ ಆಸೆ, ಎಲ್ಲಕ್ಕೂ ನಾವು ತೋರಿಸುವುದು ಅದೇ ಎರಡು ಪದ.

ಸರ್ಕಾರ ಮಾತ್ರ ಈ ವಿಷಯದಲ್ಲಿ ಪ್ರಜೆಗಳ ಕಷ್ಟ ಅರಿಯಲಿಲ್ಲ. ಬೆಂಗಳೂರಿನ ಹೊರವರ್ತುಲ ರಸ್ತೆಯ ಜಾಮಿನಲ್ಲಿ ಕಾರಿನೊಳಗೆ ಕೂತ ಸಾಫ್ಟ್‌ವೇರಿನವರಿಗೆಲ್ಲ ಒಂದು ಕನಸಿರುತ್ತದೆ: ಎಲ್ಲ ಬಿಟ್ಟು ಹಳ್ಳಿಗೆ ಹೋಗಿ ನಾಲ್ಕೆಕರೆ ತೋಟ ಮಾಡಬೇಕು, ನಾಟಿ ಹಸು ಕಟ್ಟಬೇಕು. ಅವರ ಪಾಲಿಗೆ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಎಂಬ ಎರಡು ಕಲಮುಗಳು ಭೀಮ ಅರ್ಜುನರ ಹಾಗೆ ನಿಂತಿದ್ದವು. ಕೃಷಿಕರಲ್ಲದವರು, ಬೇರೆ ಆದಾಯ ಮಿತಿ ಮೀರಿದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ‘ಕಾನೂನೇ ಬಿಡಲ್ಲ ಮಾರಾಯ’ ಎಂದು ನಿಟ್ಟುಸಿರು ಬಿಟ್ಟು ನೆಮ್ಮದಿಯಾಗಿ ಸಿಗ್ನಲ್ಲಿನಲ್ಲಿ ನಿಂತಿರುತ್ತಿದ್ದರು. 2020ರಲ್ಲಿ ತಿದ್ದುಪಡಿ ತಂದು ಎರಡನ್ನೂ ತೆಗೆದುಹಾಕಿದರು. ರೈತ ಸಂಘಟನೆಗಳು ಸಣ್ಣ ರೈತನ ಜಮೀನು ಹೋಗುತ್ತದೆ ಎಂದು ಬೀದಿಗಿಳಿದವು, ಅದು ನ್ಯಾಯವಾದ ಆತಂಕ. ಆದರೆ ರಾತ್ರೋರಾತ್ರಿ ನೆಪ ಕಳೆದುಕೊಂಡ ಸಾವಿರಾರು ಎಂಜಿನಿಯರುಗಳ ಪರವಾಗಿ ಒಬ್ಬರೂ ಧರಣಿ ಕೂರಲಿಲ್ಲ. ಪುಣ್ಯಕ್ಕೆ ಮಲೆನಾಡಿನ ಅಡಿಕೆಗೆ ಎಲೆಚುಕ್ಕಿ ರೋಗ ಜೋರಾಯಿತು. ಕೊಳೆರೋಗ ಮೊದಲಿನಿಂದ ಇತ್ತು, ಮಂಗಗಳ ಕಾಟವೂ ಇತ್ತು, ಆಳು ಸಿಗುವುದಿಲ್ಲ ಎಂಬುದಂತೂ ಸಾರ್ವಕಾಲಿಕ ಸತ್ಯ. ಅಡಿಕೆ ಬೆಳೆಗಾರ ಕಣ್ಣೀರು ಹಾಕುತ್ತಲೇ ತೋಟಕ್ಕೆ ಇಳಿದು ಬೋರ್ಡೊ ದ್ರಾವಣ ಹೊಡೆಸುತ್ತಿದ್ದಾನೆ. ಎಂಜಿನಿಯರು ಆ ಸುದ್ದಿಯನ್ನು ಮೊಬೈಲಿನಲ್ಲಿ ಓದಿ, ‘ನಾನು ಹೇಳ್ಲಿಲ್ವಾ’ ಎಂದು ಗೇರು ಬದಲಿಸುತ್ತಾನೆ.

ಇನ್ನು ನೆಪಕ್ಕೆ ದ್ರೋಹ ಬಗೆದವರ ಮಾತು. ಹೇಳಲು ನಾಲಗೆ ಏಳುವುದಿಲ್ಲ, ಆದರೆ ಚರಿತ್ರೆ ಚರಿತ್ರೆಯೇ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರನ್ನೇ ತೆಗೆದುಕೊಳ್ಳಿ. ಮೈಸೂರು ಸಿವಿಲ್ ಸರ್ವೀಸಿನ ಅಧಿಕಾರಿ. ಸರ್ಕೀಟು, ಕಡತ, ಮೇಲಧಿಕಾರಿಗಳು. ಟೈಮಿಲ್ಲ ಎಂದು ಹೇಳಿದ್ದರೆ ಇಡೀ ಸಂಸ್ಥಾನವೇ ಒಪ್ಪುತ್ತಿತ್ತು. ಹೇಳಲಿಲ್ಲ. 1920ರಲ್ಲೇ ‘ಕೆಲವು ಸಣ್ಣ ಕತೆಗಳು’ ಎಂದು ಪುಸ್ತಕ ತಂದುಬಿಟ್ಟರು. ಹೋಗಲಿ, ವಯಸ್ಸಾದ ಮೇಲಾದರೂ ವಯಸ್ಸಾಯಿತು ಅನ್ನಬೇಕಲ್ಲ? 1891ರಲ್ಲಿ ಹುಟ್ಟಿದ ಆ ಮನುಷ್ಯ ‘ಚಿಕವೀರ ರಾಜೇಂದ್ರ’ ಪ್ರಕಟಿಸಿದ್ದು 1956ರಲ್ಲಿ. ಅರವತ್ತೈದು ಎಂಬುದು ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನಿಗೆ ಹತ್ತಿಸುವ ವಯಸ್ಸು, ಕೊಡಗಿನ ಅರಸನ ಕತೆಗೆ ಕೈ ಹಾಕುವ ವಯಸ್ಸಲ್ಲ.

ನಂದಳಿಕೆಯ ಲಕ್ಷ್ಮೀನಾರಣಪ್ಪನವರದು ಇನ್ನೂ ಕೆಟ್ಟ ಮೇಲ್ಪಂಕ್ತಿ. ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು, ಬಡತನ, ಮೇಲೆ ಕ್ಷಯ. ಒಂದೊಂದೂ ಒಬ್ಬ ಮನುಷ್ಯನ ಜೀವಮಾನಕ್ಕೆ ಸಾಕಾಗುವ ನೆಪ. ಮುದ್ದಣ ಎಂಬ ಹೆಸರಿನಲ್ಲಿ ‘ರಾಮಾಶ್ವಮೇಧ’ದಂಥದ್ದನ್ನು ಬರೆದು, ತಾನು ಬರೆದೆ ಎಂದೂ ಹೇಳಿಕೊಳ್ಳದೆ ಹಳೆಯ ಕಾವ್ಯವೆಂಬಂತೆ ಅಚ್ಚಿಗೆ ಕಳಿಸಿ, 1901ರಲ್ಲಿ ತೀರಿಕೊಂಡರು. ವಯಸ್ಸು ಮೂವತ್ತೊಂದು. ನಮ್ಮಲ್ಲಿ ಆ ವಯಸ್ಸಿಗೆ ‘ಇನ್ನೂ ಸೆಟಲ್ ಆಗಿಲ್ಲ’ ಅನ್ನುತ್ತಾರೆ.

ಪ್ರಕಾಶಕರು ಸಿಗುವುದಿಲ್ಲ ಎಂಬ ನೆಪವನ್ನು ಶಿವರಾಮ ಕಾರಂತರು ಹಾಳು ಮಾಡಿದರು. ಪುತ್ತೂರಿನಲ್ಲಿ ತಾವೇ ಅಚ್ಚುಕೂಟ ಇಟ್ಟರು, ಮುಖಪುಟವನ್ನೂ ತಾವೇ ಬರೆದರು. ನಲವತ್ತೇಳು ಕಾದಂಬರಿ ಸಾಲದೆಂದು ಮಕ್ಕಳಿಗೆ ‘ಬಾಲಪ್ರಪಂಚ’ವೆಂಬ ವಿಶ್ವಕೋಶ, ದೊಡ್ಡವರಿಗೆ ವಿಜ್ಞಾನದ್ದು ಬೇರೆ. ಒಬ್ಬರು ಇಷ್ಟು ಮಾಡಿದರೆ ಉಳಿದವರು ಏನಂತ ಹೇಳಿಕೊಂಡು ತಿರುಗಬೇಕು ಎಂಬ ಕನಿಕರವೇ ಅವರಿಗಿರಲಿಲ್ಲ.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಕಲಿತರು. ಗಂಟಲಿನ ಚಿಕಿತ್ಸೆಯ ಮೇಲೆ ದನಿ ಗಂಡುದನಿಯಂತೆ ದಪ್ಪಗಾಯಿತು. ಹಾಡುಗಾರಿಕೆ ನಿಲ್ಲಿಸಲು ಇದಕ್ಕಿಂತ ಮರ್ಯಾದಸ್ಥ ಕಾರಣ ಯಾವ ಕಲಾವಿದರಿಗೆ ಸಿಕ್ಕೀತು? ಅವರು ಆ ದನಿಯಲ್ಲೇ ಹಾಡಿ ಪದ್ಮವಿಭೂಷಣ ತೆಗೆದುಕೊಂಡರು. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬರಿಗಂತೂ ‘ದುಡ್ಡಿಲ್ಲ’, ‘ಓದಿಲ್ಲ’ ಎಂಬ ಎರಡು ಬ್ರಹ್ಮಾಸ್ತ್ರಗಳೂ ಕೈಯಲ್ಲೇ ಇದ್ದವು. ವಿದೇಶಿಯರು ಹಣ್ಣಿನ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲವೆಂದು ನೊಂದು, ಊರಿನ ಮಕ್ಕಳಿಗೆ ಶಾಲೆ ಕಟ್ಟಿಸಲು ಹೊರಟರು, ಕಟ್ಟಿಸಿಯೂಬಿಟ್ಟರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರಿದೆ. ನಾವಾಗಿದ್ದರೆ ಹಣ್ಣಿನ ಬುಟ್ಟಿಗೆ ಬೆಲೆಯ ಚೀಟಿ ಅಂಟಿಸಿ ಸುಮ್ಮನಾಗುತ್ತಿದ್ದೆವು.

ಇಂಥವರನ್ನು ಬೆರಳ ಮೇಲೆ ಎಣಿಸಬಹುದು. ನೆಪದ ಮಾನ ಉಳಿಸಿದವರು ಲಕ್ಷಾಂತರ. ಹಾಗಿದ್ದೂ ರಸ್ತೆಗೆ, ವೃತ್ತಕ್ಕೆ, ಸಭಾಭವನಕ್ಕೆ ಇಡುವ ಹೆಸರೆಲ್ಲ ಮೊದಲನೆಯವರದೇ. ರಾಜ್ಯೋತ್ಸವ ಪ್ರಶಸ್ತಿಯನ್ನು ನಾಡಿನ ವಯಸ್ಸಿಗೆ ತಕ್ಕಷ್ಟು ಮಂದಿಗೆ ಕೊಡುತ್ತಾರೆ, 2025ರಲ್ಲಿ 70 ಮಂದಿಗೆ ಬಂತು. ಅದರಲ್ಲಿ ‘ಮಾಡಬೇಕೆಂದಿದ್ದವರು’ ಎಂಬ ವಿಭಾಗವೇ ಇಲ್ಲ. ರಾಯರ ಹೆಸರು ಸೂಚಿಸಲೇ ಎಂದು ಕೇಳಿದ್ದಕ್ಕೆ, ‘ಫೋಟೋ ಬೇಕಲ್ಲ, ಕನ್ನಡಕ ಬದಲಾಯಿಸಿದ ಮೇಲೆ ತೆಗೆಸಿಕೊಡ್ತೀನಿ’ ಅಂದರು.

ಓದುಗರಲ್ಲಿ ಒಂದೇ ವಿನಂತಿ. ನಾಳೆ ಬೆಳಿಗ್ಗೆ ಕರೆಂಟು ಇದ್ದು, ನಲ್ಲಿಯಲ್ಲಿ ನೀರು ಬಂದು, ನೆಂಟರು ಯಾರೂ ಬರದೆ, ಮೈಯೂ ಚೆನ್ನಾಗಿದ್ದು, ಅಕಸ್ಮಾತ್ ಒಂದು ಗಂಟೆ ಖಾಲಿ ಸಿಕ್ಕಿತೋ, ಹುಷಾರಾಗಿರಿ. ಆ ಗಂಟೆಯಲ್ಲಿ ಅರ್ಧ ಪುಟ ಬರೆದುಬಿಟ್ಟರೂ, ತಂಬೂರಿಯ ಗವಸು ತೆಗೆದುಬಿಟ್ಟರೂ ಮಾರನೆಯ ದಿನ ಮುಂದುವರಿಸಬೇಕೆನಿಸುತ್ತದೆ. ಆಮೇಲೆ ನೆಪ ಎಷ್ಟು ಕರೆದರೂ ಬರುವುದಿಲ್ಲ. ಹಾಗಾಗಿ ಇವತ್ತು ರಾತ್ರಿಯೇ ಫೋನನ್ನು ಪೂರ್ತಿ ಚಾರ್ಜು ಮಾಡಿ ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗಿ.