ಮೂಗಿಗೆ ಹತ್ತದ ಸುಗಂಧ

ಇಚಲಕರಂಜಿಯ ಮಗ್ಗದ ಮಾಲೀಕನೊಬ್ಬನ ಮಗ ಮುಂಬೈಯಿಂದ ಎರಡು ಸೀಸೆ ತಂದಿದ್ದ. ಮೊದಲನೆಯದರ ಹೆಸರು ಮಾಲಿಕ್ಯೂಲ್ 01. ಗಡಹಿಂಗ್ಲಜದ ಸೋದರತ್ತೆಯ ಮುಂದೆ ಮಣಿಕಟ್ಟು ಚಾಚಿದ.

"ಮೂಸಿ ನೋಡ, ಅತ್ತಿ."

"ಏನೂ ಬರವಲ್ದು."

"ಅದ ಇದರ ಹೆಚ್ಚುಗಾರಿಕಿ! 2006ರಾಗ ಗೆಝಾ ಶೋನ್ ಅನ್ನೋ ಜರ್ಮನ್ ತಯಾರಿಸಿದ್ದು. ಒಳಗ ಒಂದ ರಾಸಾಯನಿಕ, ಐಸೊ ಇ ಸೂಪರ್. ಕೆಲವರ ಮೂಗಿಗೆ ಹತ್ತೂದ ಇಲ್ಲ."

"ಹತ್ತದ್ದಕ್ಕ ಎಷ್ಟ ಕೊಟ್ಟಿ?"

ಬೆಲೆ ಕೇಳಿ ಅತ್ತೆ ಹಿತ್ತಲಿನ ಎಮ್ಮೆಯತ್ತ ನೋಡಿದಳು, ಲೆಕ್ಕ ಸರಿಹೋಗಲಿಲ್ಲ.

ಎರಡನೆಯ ಸೀಸೆ ಊದಿನದು. ತೀರ್ಪು ಸಂಜೆಯೇ ಕೊಡಬೇಕೆಂದು ಅವನ ಕಟ್ಟಪ್ಪಣೆ. ಏಕೆಂದರೆ ನಿಂಬೆ ಜಾತಿಯ ಹಗುರ ಅಣುಗಳು ಮೊದಲು ಹಾರುತ್ತವೆ, ಹೂವಿನವು ಆಮೇಲೆ. ಗಂಧ, ಊದು ಗಂಟೆಗಟ್ಟಲೆ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಅಗರು ಮರಕ್ಕೆ ಬೂಷ್ಟು ತಗುಲಿದಾಗ ಮರ ಒಸರುವ ರಾಳವೇ ಊದು.

ಸಂಜೆ ಅತ್ತೆ ಮೂಸಿದಳು.

"ದನದ ಕೊಟ್ಟಿಗಿ."

"ಭಲೇ! ಪರಿಣತರೂ ಹಂಗ ಹೊಗಳತಾರ!"

"ನಮ್ಮಲ್ಲೆ ಪುಕ್ಕಟೆ ಐತಿ. ಸೀಸೆ ಒಯ್ದು ತುಂಬಕೊ."

ಮರುದಿನ ಇಬ್ಬರೂ ಕೊಲ್ಹಾಪುರದ ಅತ್ತರಿನ ಅಂಗಡಿಗೆ ಹೋದರು. ಅಂಗಡಿಯವ ಕನೌಜಿನ ಮಣ್ಣಿನ ಅತ್ತರು ತೆಗೆದ. ಸುಟ್ಟ ಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆ ಆವಿಯನ್ನು ಗಂಧದೆಣ್ಣೆಯಲ್ಲಿ ಹಿಡಿಯುವ ಹಳೆಯ ವಿದ್ಯೆ.

"ಮೊದಲ ಮಳಿ ವಾಸನಿ," ಎಂದಳು ಅತ್ತೆ, ಕಣ್ಣು ಮುಚ್ಚಿ.

"ಇದೂ ಪುಕ್ಕಟೆ ಸಿಗತೈತಲ್ಲ?" ಸೋದರಳಿಯ ಚುಚ್ಚಿದ.

"ಜೂನದಾಗ. ಈಗ ಫೆಬ್ರುವರಿ. ಏ ಸಾಹೇಬ್ರ, ಸಣ್ಣ ಸೀಸೆ ಒಂದು ಕಟ್ಟರಿ. ರೊಕ್ಕ ಈ ಹುಡುಗ ಕೊಡತಾನ."