ವಾಯುನಿಸ್ಸರಣ ಮೀಮಾಂಸೆ: ಕಾರವಾರ ಮತ್ತು ಅಂಕೋಲಾ ಪಂಥಗಳ ವಿಮರ್ಶೆ

ರಾತ್ರಿ ನಿಲ್ಲಿಸುವಾಗ ನೆಟ್ಟಗಿದ್ದ ಬಸ್ಸು ಬೆಳಗಾಗುವಷ್ಟರಲ್ಲಿ ಒಂದು ಮಗ್ಗುಲಿಗೆ ವಾಲಿ ಕುಳಿತಿರುವ ಸ್ಥಿತಿಯನ್ನು ಈ ಪ್ರಬಂಧದಲ್ಲಿ 'ಪಾರ್ಶ್ವಾಸನ' ಎಂದು ಕರೆಯಲಾಗಿದೆ. ಉಕ್ಕಿನ ಪಟ್ಟಿಗಳ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳು, ಅಂದರೆ ಬೆಲ್ಲೋಗಳು, ಭಾರ ಹೊರುವ ಏರ್ ಸಸ್ಪೆನ್ಷನ್ ವಾಹನಗಳಿಗೆ ಮಾತ್ರ ಈ ಆಸನ ಸಿದ್ಧಿಸುತ್ತದೆ.

ಪಾರ್ಶ್ವಾಸನದ ಮೂಲಕಾರಣದ ಬಗ್ಗೆ ಎರಡು ಪಂಥಗಳಿವೆಯೆಂದು ಭಾವಿಸಬಹುದು. ಕಡಲ ದಂಡೆಯ ಕಾರವಾರ ಪಂಥಕ್ಕೆ ಸಮಸ್ತವೂ ಉಪ್ಪುಗಾಳಿಯ ಲೀಲೆ. ಪಂಜಾಬಿನ ಸಂಗ್ರೂರಿನಿಂದ ಬರುವ ರಾಷ್ಟ್ರೀಯ ಹೆದ್ದಾರಿ 52 ಕೊನೆಗೊಳ್ಳುವ ಊರೆಂಬ ಹೆಮ್ಮೆಯ ಅಂಕೋಲಾ ಪಂಥಕ್ಕೆ, ಯಲ್ಲಾಪುರದ ದಾರಿಯ ಅರಬೈಲ್ ಘಟ್ಟದ ತಿರುವುಗಳೇ ಸಕಲಕ್ಕೂ ಹೊಣೆ. ಇಬ್ಬರದೂ ಅರ್ಧಸತ್ಯ: ಉಪ್ಪು ರಬ್ಬರನ್ನಲ್ಲ, ಅದನ್ನು ಹಿಡಿದ ಕಬ್ಬಿಣದ ತಟ್ಟೆಯನ್ನೂ, ಗಾಡಿಯ ಎತ್ತರಕ್ಕೆ ತಕ್ಕಂತೆ ಚೀಲಕ್ಕೆ ಗಾಳಿ ಬಿಡುವ ಮತ್ತು ತೆಗೆಯುವ ಲೆವೆಲಿಂಗ್ ವಾಲ್ವಿನ ಕೀಲನ್ನೂ ತಿನ್ನುತ್ತದೆ, ಘಟ್ಟವಾದರೋ ಚೀಲದ ಮಡಿಕೆಗಳನ್ನು ದಣಿಸಿ, ಗಾಳಿಯ ಪೈಪನ್ನು ಚಾಸಿಗೆ ಉಜ್ಜಿ ಸವೆಸುತ್ತದೆ.

ಗಾಳಿ ಎಲ್ಲಿ ಸೋರುತ್ತಿದೆಯೆಂದು ತಿಳಿಯುವ ಪ್ರಮಾಣಗಳಲ್ಲಿ ಮೊದಲನೆಯದು ಚಾಲಕನ ಆಪ್ತವಾಕ್ಯ. "ನಿನ್ನೆವರೆಗೆ ಸರಿ ಇತ್ತು" ಎಂಬ ಈ ವಾಕ್ಯ ಖಂಡಿಸಲಾಗದ್ದು, ಅಷ್ಟೇ ನಿರುಪಯುಕ್ತವಾದದ್ದು. ಎರಡನೆಯದಾದ ಅನುಮಾನವು ಸಾಮಾನ್ಯವಾಗಿ ಕಂಪ್ರೆಸರಿನ ಮೇಲೆ ಬೀಳುತ್ತದೆ. ಸೋರಿಕೆಯಿಂದ ಒತ್ತಡ ತುಂಬದೆ ಕಂಪ್ರೆಸರು ಬಿಡುವಿಲ್ಲದೆ ದುಡಿದು ಕಾಯುತ್ತದೆ, ಅದು ವಿರಮಿಸಿದಾಗಲಷ್ಟೇ ತನ್ನ ತೇವವನ್ನು ಹೊರಹಾಕಬಲ್ಲ ಏರ್ ಡ್ರೈಯರ್ ಕೆಲಸ ಬಿಡುತ್ತದೆ, ಹಸಿ ಗಾಳಿ ವಾಲ್ವುಗಳಿಗೆ ನುಗ್ಗುತ್ತದೆ. ಹೀಗೆ ಫಿರ್ಯಾದಿಯನ್ನೇ ಅಪರಾಧಿಯೆಂದು ತೀರ್ಮಾನಿಸಿ ಹೊಸ ಕಂಪ್ರೆಸರ್ ಕೂರಿಸಿದ ಮರುದಿನವೂ ಬಸ್ಸು ಆಸನದಲ್ಲಿಯೇ ಇರುತ್ತದೆ.

ಉಳಿದದ್ದು ಪ್ರತ್ಯಕ್ಷ, ಅದರ ಸಾಧನ ಸೋಪಿನ ನೀರು. ಟ್ಯಾಂಕಿಗೆ ಪೂರ್ತಿ ಗಾಳಿ ತುಂಬಿಸಿ, ಎಂಜಿನ್ ನಿಲ್ಲಿಸಿ, ಜಾಯಿಂಟುಗಳಿಗೆ ಸೋಪಿನ ನೀರು ಬಳಿದರೆ, ಹೊಗೆಯಿದ್ದಲ್ಲಿ ಬೆಂಕಿಯೆಂಬ ತಾರ್ಕಿಕರ ನಿಯಮದಂತೆ ಗುಳ್ಳೆಯಿದ್ದಲ್ಲಿ ತೂತು ಸಿದ್ಧವಾಗುತ್ತದೆ. ಕರಾವಳಿಯ ಆಷಾಢದಲ್ಲಿ ಮಾತ್ರ ಮಳೆಹನಿಯೂ ನೊರೆ ಎಬ್ಬಿಸುವುದರಿಂದ ಹೇತ್ವಾಭಾಸದ ಭಯವಿದೆ: ಮಳೆಯ ಗುಳ್ಳೆ ಒಡೆದು ಹೋಗುತ್ತದೆ, ಸೋರಿಕೆಯ ಗುಳ್ಳೆ ಅದೇ ಜಾಗದಲ್ಲಿ ಮತ್ತೆ ಮತ್ತೆ ಊದಿಕೊಳ್ಳುತ್ತದೆ. ಮಡಿಕೆಯೊಳಗಿನ ಬಿರುಕು ಚೀಲ ಹಿಗ್ಗಿದಾಗಲಷ್ಟೇ ಕಾಣುವುದರಿಂದ ಗಾಡಿಯನ್ನು ಎತ್ತಿ ನೋಡಬೇಕು; ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡದೆ, ಗಾಳಿಯನ್ನೇ ನಂಬಿ ಗಾಡಿಯಡಿ ನುಸುಳುವವನು ಪ್ರಬಂಧದ ಉಳಿದ ಭಾಗವನ್ನು ಓದಲಾರ.

ಚಿಕಿತ್ಸೆಯ ವಿಚಾರ ಸಣ್ಣದು. ಮೊದಲು ಗಾಳಿಯನ್ನು ಪೂರ್ತಿ ಹೊರಬಿಡಬೇಕು. ಪೈಪಿನ ತುದಿ ಸವೆದಿದ್ದರೆ ನೇರವಾಗಿ ಕತ್ತರಿಸಿ ಜಾಯಿಂಟಿನ ತಳ ಮುಟ್ಟುವವರೆಗೆ ಒತ್ತಬೇಕು, ಓರೆಯಾಗಿ ಕತ್ತರಿಸಿದ ಪೈಪು ಮತ್ತೆ ಸೋರುತ್ತದೆ. ಬಿರಿದ ಬೆಲ್ಲೋವನ್ನು ಬದಲಿಸಲೇಬೇಕು. ಸೈಕಲ್ ಟ್ಯೂಬಿನ ತುಂಡು ಸುತ್ತುವ 'ಪಟ್ಟಿವಾದ'ದ ಸಿಂಧುತ್ವ ಅರಬೈಲಿನ ಮೊದಲ ತಿರುವಿನವರೆಗೆ. ಬಳಿಕ ಮತ್ತೆ ಗಾಳಿ ತುಂಬಿಸಿ, ಚಕ್ರದ ಕಮಾನಿನ ಎತ್ತರವನ್ನು ಚಾಕ್‌ಪೀಸಿನಿಂದ ಗುರುತಿಸಿ ಇಡೀ ರಾತ್ರಿ ಗಾಡಿ ಬಿಡಬೇಕು. ದೊಡ್ಡ ತೂತು ಮುಚ್ಚಿದ ಮೇಲೆಯೇ ಸಣ್ಣ ತೂತು ಬಾಯಿಬಿಡುವುದರಿಂದ ಗುರುತು ಬೆಳಿಗ್ಗೆ ಮತ್ತೆ ಕೆಳಗಿಳಿದಿದ್ದರೆ, ಸೋಪಿನ ಬಕೆಟ್ಟನ್ನು ಇನ್ನೊಮ್ಮೆ ತರುವಷ್ಟರಲ್ಲಿ ಎರಡೂ ಪಂಥಗಳು ವಾದ ಆರಂಭಿಸಿರುತ್ತವೆ.